ಲಿಂಗರ್ ಎಂಬ ಕ್ರಿಯಾಪದ

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅರ್ಧ ತಾಸಾಗಿತ್ತು. ನಾಗರತ್ನಾ ಇನ್ನೂ ಅಲ್ಲಿಯೇ ನಿಂತಿದ್ದಳು. ಸಭೆ ನಡೆಯುವ ಶಾಲೆಗೆ ನಡೆದರೆ ಹತ್ತು ನಿಮಿಷ, ಅವಸರ ಮಾಡಿದರೆ ಏಳು. ಸವದತ್ತಿಯ ಬಸ್ಸು ಬಂದು ಹೋಯಿತು. ಕಿತ್ತೂರಿನದು ಬಂದು, ಹಿಂದಕ್ಕೆ ಸರಿದು, ತನ್ನ ಜಾಗ ಹುಡುಕಿಕೊಂಡು ನಿಂತಿತು. ಯರಗಟ್ಟಿ ಬಸ್ಸಿನ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು, ಬರ್ರಿ ಅಕ್ಕೋರ, ಸೀಟ ಖಾಲಿ ಅದಾವ, ಎಂದು ಕರೆದಾಗ ಅವಳ ಬಲಗಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋದದ್ದು ಸುಳ್ಳಲ್ಲ. ಹತ್ತಿ ಕೂತರೆ ಮುಗಿಯಿತು. ಯರಗಟ್ಟಿಯಲ್ಲಿ ಇಳಿದು ಒಂದು ಚಹಾ ಕುಡಿದು, ತಲೆನೋವು ಬಂದಿತ್ತೆಂದು ಮುಖ್ಯಗುರುಗಳಿಗೆ ಫೋನು ಮಾಡಿ, ಸಂಜೆಗೆ ಮನೆ ಸೇರುವುದು. ಯಾರ ಗಂಟೇನು ಹೋಗುತ್ತದೆ? ಆದರೆ ಕಾಲು ಅಷ್ಟಕ್ಕೇ ನಿಂತಿತು. ತಾನು ಅಕ್ಕೋರೆಂದು ಈ ಮನುಷ್ಯನಿಗೆ ಹೇಗೆ ತಿಳಿಯಿತೆಂಬ ವಿಚಾರ ಬಂತು. ಹೆಗಲಿನ ಚೀಲ ನೋಡಿಯೋ, ಸೆರಗಿನ ಎರಡೆರಡು ಪಿನ್ನು ನೋಡಿಯೋ? ಕಳ್ಳಿಯ ಹಾಗೆ ಕಂಬದ ಮರೆಗೆ ನಿಂತವಳನ್ನೂ ಜನ ಶಿಕ್ಷಕಿಯೆಂದು ಗುರುತಿಸುತ್ತಾರೆಂದರೆ ಮುಖದ ಮೇಲೇ ಏನೋ ಬರೆದಿರಬೇಕು. ನೇಸರಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಹೇಳಿದ ಮುಖ ಅದು. ಇಂದು ಅದಕ್ಕೆ ನಲವತ್ತು ಜನ ಶಿಕ್ಷಕರ ಎದುರು ಹತ್ತು ನಿಮಿಷ ಮಾತಾಡುವ ಕೆಲಸ ಬಂದಿತ್ತು.

ಹತ್ತು ನಿಮಿಷ, ಒಂದೇ ಶಬ್ದ. ಹೋದ ತಿಂಗಳ ಸಭೆಯಲ್ಲಿ ಮಲಕಾಜಪ್ಪ ಸರ್ ಒಂದು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿಕೊಂಡು ಎಲ್ಲರ ಮುಂದೆ ಹಿಡಿಯುತ್ತ ಬಂದಿದ್ದರು. ಅವರು ನಿವೃತ್ತರಾಗಿ ಇಪ್ಪತ್ತು ವರ್ಷವಾಗಿದ್ದರೂ ತಾಲೂಕಿನ ಇಂಗ್ಲಿಷ್ ಶಿಕ್ಷಕರ ಸಭೆ ಎಂದರೆ ಅವರೇ ಬರಬೇಕು, ಅವರೇ ತಿದ್ದಬೇಕು. ಒಬ್ಬೊಬ್ಬರಿಗೆ ಒಂದು ಕ್ರಿಯಾಪದ. ಅದರ ಅರ್ಥಗಳು ಯಾವುವು, ದಿನಬಳಕೆಯಲ್ಲಿ ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿದ ಹಾಗೆ ಹೇಳಿ ತೋರಿಸಬೇಕು. ಪಕ್ಕದವರಿಗೆ ಕ್ಯಾರಿ ಬಂತು, ಹಿಂದಿನವರಿಗೆ ಬ್ರೇಕ್. ನಾಗರತ್ನಾಳ ಚೀಟಿಯಲ್ಲಿ ಲಿಂಗರ್ ಎಂದಿತ್ತು. ಓದಿದವಳೇ ಮುಷ್ಟಿ ಬಿಗಿದಳು. ಏನ್ ಬಂತವಾ ಎಂದು ಸರ್ ಕೇಳಿದಾಗ ಹೇಳಲೇಬೇಕಾಯಿತು, ಹೇಳಿದಾಗ ಇಡೀ ಸಭೆ ನಕ್ಕಿತು. ಆ ಶಬ್ದದ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ಸರ್ ಕೈಯೆತ್ತಿ ನಗು ತಡೆದು, ಈಗ ಬ್ಯಾಡ, ಮುಂದಿನ ತಿಂಗಳು ಈ ಅಕ್ಕೋರ ಪಾಠ ಆದಮ್ಯಾಲೆ ಹೇಳತೇನಿ, ಎಂದರು. ನಾಗರತ್ನಾಳೂ ಎಲ್ಲರ ಜೊತೆ ನಕ್ಕಿದ್ದಳು.

ಆ ನಗುವೇ ಅವಳನ್ನು ತಿಂಗಳಿಡೀ ತಿಂದದ್ದು. ಮೊದಲ ಸಲ ನಕ್ಕದ್ದೂ ಅಲ್ಲ. ನೌಕರಿ ಸೇರಿದ ವರ್ಷ ತರಬೇತಿಯಲ್ಲಿ ಆ ಕಥೆ ಕೇಳಿದಾಗ, ಇದು ತನ್ನದೇ ಕಥೆ ಎಂದು ತಲೆಗೆ ಹೊಳೆಯುವ ಮೊದಲೇ ಬಾಯಿ ನಕ್ಕುಬಿಟ್ಟಿತ್ತು. ಆಮೇಲೆ ಪ್ರತಿ ಸಲವೂ ನಕ್ಕಳು, ನಗದಿದ್ದರೆ ಯಾಕೆಂದು ಯಾರಾದರೂ ಕೇಳಿಯಾರೆಂಬ ಅಂಜಿಕೆಯಿಂದ. ಕಥೆ ಇಷ್ಟೇ: ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ರಜೆ ಚೀಟಿ ಬರೆಯುತ್ತಾಳೆ, ನನ್ನ ಅಜ್ಜಿ ನಿನ್ನೆ ಲಿಂಗರ್ ಆದಳು, ಆದ್ದರಿಂದ ಮೂರು ದಿನ ರಜೆ ಕೊಡಬೇಕು ಎಂದು. ಮಲಕಾಜಪ್ಪ ಸರ್ ಅದನ್ನು ತರಗತಿಯ ಮುಂದೆ ಗಟ್ಟಿಯಾಗಿ ಓದುತ್ತಾರೆ, ಮೈ ಗ್ರ್ಯಾಂಡ್‌ಮದರ್ ಲಿಂಗರ್ಡ್ ಯಸ್ಟರ್ಡೇ. ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳುತ್ತಾರೆ, ಲಿಂಗರ್ ಅಂದ್ರ ಸುಮ್ಮ ಸುಮ್ಮನ ಠಳಾಯಿಸೋದವಾ, ನಿಮ್ಮ ಅಜ್ಜಿ ನಿನ್ನಿ ಎಲ್ಲಿ ಠಳಾಯಿಸಿದಳು, ಬಸ್‌ಸ್ಟ್ಯಾಂಡಿನ್ಯಾಗೋ ಸಂತ್ಯಾಗೋ? ಐವತ್ತೆರಡು ಮಕ್ಕಳು ನಗುತ್ತಾರೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಆ ಹುಡುಗಿ ಆಮೇಲೆ ಏನು ಮಾಡಿದಳೆಂಬುದು ಕಥೆಯಲ್ಲಿಲ್ಲ. ಎರಡು ವರ್ಷ ಎಲ್ಲರ ಬಾಯಲ್ಲಿ ಅವಳು ಲಿಂಗರಾಗಿಯೇ ಉಳಿದಳು. ಹುಡುಗಿಯ ಹೆಸರು ಸರ್‌ಗೆ ಮರೆತು ಯಾವುದೋ ಕಾಲವಾಗಿತ್ತು. ಮದುವೆಯಾಗಿ ಅಡ್ಡಹೆಸರು ಬದಲಾಗಿ, ಮೈ ತುಂಬಿ, ಕಿವಿಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾದವಳನ್ನು ಅವರು ಗುರುತಿಸುವುದಾದರೂ ಹೇಗೆ?

ಅವಳ ಮನೆಯಲ್ಲಿ ಯಾರೂ ಸಾಯುತ್ತಿರಲಿಲ್ಲ, ಲಿಂಗೈಕ್ಯರಾಗುತ್ತಿದ್ದರು. ಬೇರೆಯವರ ಚೀಟಿಗಳಲ್ಲೆಲ್ಲ ಎಕ್ಸ್‌ಪೈರ್ಡ್ ಎಂದಿರುತ್ತಿತ್ತು. ಹದಿನಾಲ್ಕರ ನಾಗರತ್ನಾ ಆ ಶಬ್ದವನ್ನು ಓದಿದ್ದು ಅಜ್ಜಿಯ ಔಷಧದ ಬಾಟಲಿಯ ಮೇಲೆ. ಅದನ್ನು ಅಜ್ಜಿ ರಾಚವ್ವನಿಗೆ ಹಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಪಾಠಪುಸ್ತಕದ ಕೊನೆಯ ಶಬ್ದಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದಾಗ ಲಿಂಗರ್ ಸಿಕ್ಕಿತು. ಎದುರಿಗೆ ಬರೆದಿದ್ದ ಅರ್ಥ ಅವಳು ನೋಡಲಿಲ್ಲ, ನೋಡುವ ಅಗತ್ಯವೇ ಕಾಣಲಿಲ್ಲ. ಅದರ ಹೊಟ್ಟೆಯಲ್ಲೇ ಲಿಂಗವಿತ್ತು. ಇಂಗ್ಲಿಷಿನವರೂ ನಮ್ಮಂಥವರಿಗೆಂದು ಒಂದು ಶಬ್ದ ಇಟ್ಟಿದ್ದಾರಲ್ಲ ಎಂದು ಅಷ್ಟು ದುಃಖದಲ್ಲೂ ಅವಳಿಗೆ ಒಂದು ಹಿಗ್ಗು ಬಂದಿತ್ತು. ಆ ಹಿಗ್ಗನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಜನ ನಕ್ಕದ್ದಕ್ಕಿಂತ ತಾನು ಹಿಗ್ಗಿದ್ದಕ್ಕೇ ಹೆಚ್ಚು ನಾಚಿಕೆ.

"ಅಕ್ಕೋರ, ಇನ್ನೂ ಇಲ್ಲೇ ನಿಂತೀರಲ್ರಿ?" ಎಂದು ಯಾರೋ ಭುಜ ಮುಟ್ಟಿದರು. ರಾಮದುರ್ಗದ ಬಸ್ಸಿನಿಂದ ಇಳಿದ ಪ್ರಜ್ಞಾ, ಅವಳದೇ ಶಾಲೆಗೆ ಎರಡು ವರ್ಷದ ಹಿಂದೆ ಬಂದ ಶಿಕ್ಷಕಿ. ಭಾನುವಾರ ತವರಿಗೆ ಹೋಗಿ ಬರುತ್ತಿದ್ದಳು. ಇನ್ನು ಯರಗಟ್ಟಿ ಇಲ್ಲ, ತಲೆನೋವೂ ಇಲ್ಲ. ಇಬ್ಬರೂ ನಡೆಯತೊಡಗಿದರು. ಹುಡುಗಿ ಖುಷಿಯಲ್ಲಿದ್ದಳು. ಇವತ್ತು ಸರ್ ಆ ಕಥೆ ಹೇಳುತ್ತಾರಲ್ಲ, ಹೋದ ಸಲ ಹೇಳದೇ ಬಿಟ್ಟರು, ಅವರ ಬಾಯಿಂದಲೇ ಕೇಳಬೇಕು ಎಂದಳು. ತಾನು ರಾಮದುರ್ಗದಲ್ಲಿ ಹೈಸ್ಕೂಲಿನಲ್ಲಿದ್ದಾಗಲೇ ಇದನ್ನು ಕೇಳಿದ್ದಳಂತೆ. ಅಲ್ಲಿ ಅಜ್ಜಿಯ ಬದಲು ಅಜ್ಜ ಇದ್ದ. ಕಿತ್ತೂರಿನ ಗೆಳತಿಯೊಬ್ಬಳು ಹೇಳಿದ್ದರಲ್ಲಿ ಚೀಟಿ ಬರೆದವನು ಹುಡುಗ, ಮನೆಮಂದಿಯೆಲ್ಲ ಲಿಂಗರ್ ಆಗಿದ್ದರು. ನಾಗರತ್ನಾ ಹೌದಾ ಎಂದಳು. ರಾಚವ್ವ ಹುಟ್ಟಿದ ಮೇಲೆ ಸಂಪಗಾಂವದ ಆಚೆ ಎರಡು ಸಲ ಹೋಗಿದ್ದಳೋ ಇಲ್ಲವೋ. ಸತ್ತ ಮೇಲೆ ಇಷ್ಟೆಲ್ಲ ಊರು ತಿರುಗಿದ್ದಾಳೆ. ಪ್ರಜ್ಞಾ, ನಮ್ಮ ಮನ್ಯಾಗ ಈ ಶಬ್ದ ಇಲ್ಲರಿ, ಲಿಂಗೈಕ್ಯ ಅನ್ನೂದಕ್ಕ ಇಂಗ್ಲಿಷಿನ್ಯಾಗ ಖರೇನ ಏನಂತಾರ್ರಿ ಎಂದು ಕೇಳಿದಳು. ಗೊತ್ತಿಲ್ಲವಾ ಎಂದಳು ನಾಗರತ್ನಾ. ಅದು ನಿಜವೇ ಆಗಿತ್ತು.

ಆದರೆ ನಿನ್ನೆಯಿಂದ ಅವಳಿಗೆ ಬೇರೊಂದು ಸಂಗತಿ ಗೊತ್ತಾಗಿತ್ತು, ನಿದ್ದೆ ಕೆಟ್ಟದ್ದು ಅದರಿಂದಲೇ. ಇಪ್ಪತ್ತೇಳು ವರ್ಷ ಅವಳು ನಿಘಂಟಿನ ಆ ಪುಟ ತೆರೆದಿರಲಿಲ್ಲ. ಹತ್ತಿರದ ಶಬ್ದ ಬೇಕಾದರೂ ಬೆರಳು ಹಾರಿಸಿ ಮುಂದೆ ಹೋಗುತ್ತಿದ್ದಳು. ನಿನ್ನೆ ಮಧ್ಯಾಹ್ನ ಪಾಠದ ತಯಾರಿಗೆಂದು, ಶಾಲೆಯಿಂದ ತಂದಿಟ್ಟುಕೊಂಡ ನಿಘಂಟನ್ನು ಅಡುಗೆಮನೆಯ ಕಟ್ಟೆಯ ಮೇಲೆ ತೆರೆದಳು. ಹೋಗಲು ಮನಸ್ಸಿಲ್ಲದೆ ನಿಲ್ಲುವುದು. ಬೇಗ ಕರಗದೆ ಉಳಿಯುವುದು. ಒಂದರ ಮೇಲೆ ಬಹಳ ಹೊತ್ತು ಇರುವುದು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಸಾಯುವ ಹೊತ್ತಿನಲ್ಲಿ ಜೀವ ಬಿಡದೆ ದಿನಗಳನ್ನು ತೆಗೆಯುವುದು. ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ಗಂಡ ಗೌರೀಶ ಒಳಗೆ ಬಂದು ಗ್ಯಾಸು ಆರಿಸಿ, ಏನಾತ ಎಂದು ಕೇಳಿದ. ಏನೂ ಇಲ್ಲ ಅಂದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಗಂಡನಿಗೂ ಅವಳು ಆ ಚೀಟಿಯ ವಿಷಯ ಹೇಳಿರಲಿಲ್ಲ.

ಹತ್ತೊಂಬತ್ತು ದಿನ. ರಾಚವ್ವ ಹಿತ್ತಲಲ್ಲಿ ಬಿದ್ದದ್ದು ಒಂದು ಸೋಮವಾರ. ಮೂರನೆಯ ದಿನಕ್ಕೆ ಅನ್ನ ಬಿಟ್ಟಳು. ಸ್ವಾಮಿಗಳು ಬಂದು ಹಣೆಗೆ ವಿಭೂತಿ ಹಚ್ಚಿ, ಇನ್ನೇನು ಇವತ್ತು ಎಂದರು. ಸವದತ್ತಿಯ ಮಗಳು ಅಳುತ್ತ ಬಂದಳು; ನಾಲ್ಕು ದಿನ ಕಾದು, ಎಮ್ಮೆ ಕರೆಯುವವರಿಲ್ಲವೆಂದು ಹೊರಟುಹೋದಳು; ಮತ್ತೆ ಬಂದಳು. ಪಡಸಾಲೆಯಲ್ಲಿ ಕೂತವರು ಮೊದಮೊದಲು ಕಣ್ಣೊರೆಸಿಕೊಂಡವರು, ಹನ್ನೆರಡು ದಿನವಾದ ಮೇಲೆ, ಮುದಿಕಿ ಎಷ್ಟ ಸತಾಯಿಸತಾಳಪಾ ಎಂದು ಅಡಿಕೆ ಕತ್ತರಿಸುತ್ತ ಅನ್ನತೊಡಗಿದರು. ನಾಗರತ್ನಾ ಶಾಲೆ ಬಿಟ್ಟೊಡನೆ ಓಡಿ ಬಂದು ಚೀಲ ಬಿಸಾಕಿ, ಹತ್ತಿಯ ತುಣುಕನ್ನು ನೀರಿನಲ್ಲಿ ಅದ್ದಿ ಅಜ್ಜಿಯ ತುಟಿಗೆ ಹಿಂಡುವಳು. ಬೇರೆಯವರು ಹಿಂಡಿದರೆ ಮುದುಕಿ ಬಾಯಿ ತೆರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ದಿನ ಮಾತ್ರ ನಾಗರತ್ನಾ ಓಡಲಿಲ್ಲ. ದಾರಿಯಲ್ಲಿ ಒಂದು ಉದ್ದ ಗೋಡೆಯ ಮೇಲೆ ಒಬ್ಬ ಪೇಂಟರ್ ಏಣಿ ಹಾಕಿಕೊಂಡು ಗೊಬ್ಬರದ ಜಾಹೀರಾತು ಬರೆಯುತ್ತಿದ್ದ. ಆಳೆತ್ತರದ ಇಂಗ್ಲಿಷ್ ಅಕ್ಷರಗಳು, ಕೆಂಪು ಬಣ್ಣ, ನೀಲಿ ಅಂಚು. ಮೂರು ಅಕ್ಷರ ಆಗಿದ್ದವು. ಮುಂದಿನದು ಯಾವುದು ಬರುತ್ತದೆಂದು ಅವಳು ನಿಂತಳು. ಅದು ಬಂದ ಮೇಲೆ ಅದರ ಮುಂದಿನದಕ್ಕೆ ನಿಂತಳು. ಅಜ್ಜಿ ನೆನಪಿಗೆ ಬರಲಿಲ್ಲವೆಂದಲ್ಲ. ಬಂದಳು, ಇನ್ನೊಂದ ಅಕ್ಷರ ಎಂದು ಮನಸ್ಸಿನಲ್ಲೇ ಅವಳಿಗೆ ಹೇಳಿ ಮತ್ತೆ ನಿಂತಳು. ಹೊತ್ತು ಮುಳುಗುವಾಗ ಮನೆಗೆ ಬಂದರೆ ಬಾಗಿಲಲ್ಲೇ ಅವ್ವ ದೇವಕ್ಕ, "ಎಲ್ಲಿ ನಿಂತಿದ್ದಿ? ಆಕಿ ಆಗಿಂದ ಬಾಗಲಾ ನೋಡಾಕ ಹತ್ತ್ಯಾಳ," ಎಂದು ಬೆನ್ನಿಗೆ ಒಂದು ಗುದ್ದಿದಳು. ನಾಗರತ್ನಾ ನೀರು ಹಿಂಡಿದಳು. ರಾಚವ್ವ ಗುಟುಕಿಸಿದಳು. ಎರಡನೆಯ ಹನಿ ತುಟಿಯ ಮೇಲೆ ಹಾಗೇ ನಿಂತಿತು.

ಎಲ್ಲಿ ನಿಂತಿದ್ದಿ ಎಂಬ ಅವ್ವನ ಮಾತು, ಎಲ್ಲಿ ಠಳಾಯಿಸಿದಳು ಎಂಬ ಸರ್ ಮಾತು, ಇವೆರಡೂ ಅವಳ ತಲೆಯಲ್ಲಿ ಯಾವಾಗಲೋ ಬೆರೆತು ಒಂದಾಗಿದ್ದವು. ಠಳಾಯಿಸಿದವಳು ತಾನು, ನಗೆಪಾಟಲಾದವಳು ಅಜ್ಜಿ. ಅದಕ್ಕೇ ಅವಳು ಎಂದೂ ಬಾಯಿ ತೆರೆದಿರಲಿಲ್ಲ. ನಿಘಂಟಿನ ಆ ಸಣ್ಣ ಸಾಲು ಇದೆಲ್ಲವನ್ನೂ ನಿನ್ನೆ ಅಲುಗಾಡಿಸಿಬಿಟ್ಟಿತ್ತು. ಹಾಗಾದರೆ ಮುದುಕಿ ಮಾಡಿದ್ದಕ್ಕೆ ಜಗತ್ತಿನಲ್ಲಿ ಒಂದು ಶಬ್ದವಿದೆ, ಅದು ಸತಾಯಿಸುವುದಲ್ಲ. ತಾನು ಏನೂ ತಿಳಿಯದೆ ಅದನ್ನೇ ಬರೆದಿದ್ದೆ. ಇದನ್ನು ಎದ್ದು ನಿಂತು ಹೇಳಬಲ್ಲೆನೇ? ಪ್ರಜ್ಞಾಳ ಪಕ್ಕದಲ್ಲಿ ಶಾಲೆಯ ಗೇಟು ದಾಟುವಾಗ, ಹೇಳುವುದಿಲ್ಲವೆಂದೇ ಅವಳಿಗೆ ಅನ್ನಿಸಿತು. ಎಂಬತ್ತರ ಹತ್ತಿರದ ಹಿರಿಯರು, ಸಾವಿರಾರು ಮಕ್ಕಳಿಗೆ ಅಕ್ಷರ ಕೊಟ್ಟವರು. ಎಲ್ಲರೆದುರು ಅವರ ಮಾತು ತೆಗೆದುಹಾಕುವುದೆಂದರೆ ಏನು?

ಸಭೆ ಹತ್ತೂವರೆಗೆ ಶುರುವಾಯಿತು. ಮಲಕಾಜಪ್ಪ ಸರ್ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಮೊದಲ ಸಾಲಿನ ಕುರ್ಚಿಯಲ್ಲಿದ್ದರು, ತೊಡೆಯ ಮೇಲೆ ಖಾಕಿ ಕಾಗದದ ರಟ್ಟು ಹಾಕಿದ ಅವರ ದಪ್ಪ ನಿಘಂಟು. ನಾಗರತ್ನಾಳ ಹೆಸರು ನಾಲ್ಕನೆಯದಾಗಿ ಬಂತು. ಎದ್ದು ಹೋಗಿ ಬೋರ್ಡಿನ ಮೇಲೆ ಶಬ್ದ ಬರೆದ ಮೇಲೆ ಮಾತು ತಾನಾಗಿ ಬಂತು. ಹದಿನೆಂಟು ವರ್ಷದ ರೂಢಿ ಸಣ್ಣದಲ್ಲ. ಬದನೆಕಾಯಿ ಸುಟ್ಟ ಮನೆಯಲ್ಲಿ ಊಟ ಮುಗಿದರೂ ವಾಸನೆ ಹೋಗುವುದಿಲ್ಲ, ದಿ ಸ್ಮೆಲ್ ಲಿಂಗರ್ಸ್. ಸವದತ್ತಿಯ ಗುಡ್ಡಕ್ಕೆ ಹೋಗಿ ಬಂದವರ ಅಂಗಿಯ ಕಾಲರಿನಲ್ಲಿ ದೇವಿಯ ಭಂಡಾರದ ಅರಿಸಿನದ ಹಳದಿ ಮೂರು ಸಲ ಒಗೆದರೂ ಬಿಡುವುದಿಲ್ಲ, ಅದೂ ಲಿಂಗರ್ಸ್. ಜ್ವರ ಬಿಟ್ಟ ಮೇಲೂ ಬಿಡದ ಕೆಮ್ಮು. ಕಳೆದ ವಸ್ತು ಸಿಕ್ಕಮೇಲೂ ನೆರೆಮನೆಯವಳ ಮೇಲೆ ಉಳಿಯುವ ಸಂಶಯ. ಬರತೇನ್ರಿ ಎಂದು ಎದ್ದ ಬೀಗತಿ ಪಡಸಾಲೆಯಲ್ಲಿ ಒಂದು ಮಾತಾಡಿ, ಹೊಸ್ತಿಲಲ್ಲಿ ಇನ್ನೊಂದಾಡಿ, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಮಗಳ ಸಂಬಂಧದ ಮಾತು ತೆಗೆಯುತ್ತಾಳಲ್ಲ, ಅವಳನ್ನು ನಾಗರತ್ನಾ ನಿಂತು ಮಾಡಿ ತೋರಿಸಿದಾಗ ಸಭೆಯಲ್ಲಿ ನಗೆ ಎದ್ದಿತು, ಆ ನಗೆ ಹಿತವಾಗಿತ್ತು. ಸರ್ ತಲೆದೂಗಿದರು. ಇನ್ನೂ ಎರಡು ನಿಮಿಷ ಉಳಿದಿತ್ತು. ಸಣ್ಣ ಅಕ್ಷರದ ಆ ಕೊನೆಯ ಅರ್ಥ ನಾಲಿಗೆಯ ತುದಿಗೆ ಬಂತು. ಅವಳು ಇಷ್ಟೇರಿ ಎಂದು ಹೇಳಿ, ಬಂದು ಕೂತುಬಿಟ್ಟಳು. ಚಪ್ಪಾಳೆ ಬಿತ್ತು. ಪ್ರಜ್ಞಾ ಕೈ ಹಿಡಿದು ಭಾಳ ಚಲೋ ಆತ್ರಿ ಎಂದಳು. ನಾಗರತ್ನಾಳಿಗೆ ತನ್ನ ಮೇಲೆ ಇಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಆಗ ಮಲಕಾಜಪ್ಪ ಸರ್ ಎದ್ದರು. ಅಕ್ಕೋರ ಪಾಠಕ್ಕೆ ನಂದೊಂದು ಉಪ್ಪಿನಕಾಯಿ, ಎಂದು ಶುರುಮಾಡಿದರು. ವಯಸ್ಸು ಅವರ ಕಾಲು ಹಿಡಿದಿತ್ತು, ನಾಲಿಗೆ ಹಿಡಿದಿರಲಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕನ್ನಡಕ ಇಳಿಸಬೇಕು ಎಲ್ಲ ಅವರಿಗೆ ರೂಢಿಯಾಗಿತ್ತು. ಚೀಟಿ ಬಂತು. ಅಜ್ಜಿ ಬಂದಳು. ಪ್ರಜ್ಞಾ ಆಗಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಬಸ್‌ಸ್ಟ್ಯಾಂಡಿನ್ಯಾಗೋ ಸಂತ್ಯಾಗೋ ಎಂದು ಸರ್ ಕೇಳಿದರು, ಕೋಣೆ ಹೋ ಎಂದು ನಕ್ಕಿತು. ನಾಗರತ್ನಾಳಿಗೆ ತನ್ನ ಕೆನ್ನೆ ಎಳೆದುಕೊಳ್ಳುವುದು, ತುಟಿ ಬಿಚ್ಚಿಕೊಳ್ಳುವುದು ತಿಳಿಯಿತು. ಇನ್ನೊಂದು ಗಳಿಗೆಗೆ ಅವಳೂ ನಗುವವಳಿದ್ದಳು. ನಗುವ ಬದಲು ಅವಳು ಎದ್ದು ನಿಂತಿದ್ದಳು. ಎದ್ದದ್ದು ಅವಳಿಗೇ ಆಮೇಲೆ ಗೊತ್ತಾಯಿತು.

"ಸರ್, ಆ ಹುಡಿಗಿ ನಾನ ರೀ," ಎಂದಳು.

ನಗು ಹಿಂದಿನ ಬೆಂಚುಗಳಿಗೆ ಹೋಗಿ ನಿಂತಿತು. ಸರ್ ಕನ್ನಡಕ ಮೇಲೇರಿಸಿ ನೋಡಿದರು. ಅವಳು ತನ್ನ ತವರಿನ ಅಡ್ಡಹೆಸರು ಹೇಳಿದಳು, ಊರು ಹೇಳಿದಳು, ವರ್ಷ ಹೇಳಿದಳು. ಪಾಠದಲ್ಲಿ ಒಂದು ಅರ್ಥ ಬಿಟ್ಟಿದ್ದೇನೆ, ಎರಡು ನಿಮಿಷ ನನ್ನವು ಉಳಿದಿವೆ, ಈಗ ಹೇಳುತ್ತೇನೆ ಎಂದಳು. ಹೇಳಿದಳು. ಹಿತ್ತಲಲ್ಲಿ ಬಿದ್ದದ್ದು, ಹತ್ತಿಯ ತುಣುಕು, ಸವದತ್ತಿಯ ಅತ್ತೆ ಬಂದು ಹೋಗಿ ಬಂದದ್ದು. ಗೋಡೆಯ ಮುಂದೆ ತಾನು ಅಕ್ಷರಕ್ಕಾಗಿ ನಿಂತದ್ದನ್ನೂ ಹೇಳಿದಳು. ನಾನು ರಸ್ತೆಯಲ್ಲಿ ನಿಂತಷ್ಟು ಹೊತ್ತು ಅವಳು ಮನೆಯಲ್ಲಿ ಜೀವ ಬಿಡದೆ ನಿಂತಳು, ಎರಡಕ್ಕೂ ಶಬ್ದ ಒಂದೇ ಎಂದಳು.

ಸರ್ ಸುಲಭಕ್ಕೆ ಬಿಡುವವರಲ್ಲ. "ಅರ್ಥ ಇರಬಹುದವಾ. ಆದ್ರ ಚೀಟಿಯೊಳಗ ನೀ ಬರದದ್ದು ತೀರಿಕೊಂಡಳು ಅಂತ. ಅದು ತಪ್ಪ ಹೌದಲ್ಲೋ?"

"ಹೌದ್ರಿ. ನಾ ಬರಿಯಾಕ ಹೋದದ್ದು ಬ್ಯಾರೇನ. ಆದ್ರ ಕೈ ಬರದದ್ದು ಖರೇ ಆಗೇತಿ. ನಿನ್ನಿ ಅಂತ ಬರದದ್ದೊಂದ ತಪ್ಪರಿ, ಹತ್ತೊಂಬತ್ತ ದಿನ ಅನ್ನಬೇಕಾಗಿತ್ತು."

ಅವರು ಕುರ್ಚಿಯಲ್ಲಿ ಕೂತು ನಿಘಂಟು ತೆರೆದರು. ಪುಟಗಳನ್ನು ಒಂದೊಂದಾಗಿ ತಿರುವಿದರು. ಕಾಯುತ್ತ ನಿಂತ ನಾಗರತ್ನಾಳಿಗೆ, ಇವರ ನಿಘಂಟಿನಲ್ಲಿ ಅದು ಇಲ್ಲದೇ ಹೋದರೆ ಎಂಬ ಭಯ ಒಮ್ಮೆ ಹಾದು ಹೋಯಿತು. ಇಲ್ಲದಿದ್ದರೆ ಇಲ್ಲ, ಮುದುಕಿ ಮಾಡಿದ್ದು ಸುಳ್ಳಾಗುವುದಿಲ್ಲ ಎಂದುಕೊಂಡಳು. ಹಾಗೆಂದುಕೊಂಡದ್ದೇ ಅವಳ ಮೈ ಹಗುರಾಯಿತು. ಸರ್ ಬೆರಳು ಒಂದು ಕಡೆ ನಿಂತಿತು. ಮೊದಲು ತುಟಿಯಲ್ಲೇ ಓದಿಕೊಂಡರು, ಆಮೇಲೆ ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿದರು, ಆಮೇಲೆ ಕನ್ನಡದಲ್ಲಿ. ಸಾಯುವ ಸ್ಥಿತಿಯಲ್ಲಿದ್ದೂ ಜೀವ ಹಿಡಿದು ಉಳಿಯುವುದು.

"ಈ ಪುಸ್ತಕ ನನ್ನ ಕೈಯಾಗ ಐವತ್ತ ವರ್ಷದಿಂದ ಐತಿ," ಎಂದರು. "ಈ ಸಾಲಿನ ತನಕಾ ನಾ ಬಂದ ಇರಲಿಲ್ಲ. ಮ್ಯಾಲಿನ ಸಾಲಿಗೇ ನಕ್ಕೋಂತ ನಿಂತಬಿಟ್ಟೆ." ಬೋರ್ಡಿನ ಕಡೆ ಕೈ ಮಾಡಿದರು. "ಬರೀರಿ ಅಕ್ಕೋರ. ಪೂರಾ ವಾಕ್ಯ ಬರೀರಿ."

ಅವಳು ಬೋರ್ಡಿನ ಎಡತುದಿಯಿಂದ ಶುರುಮಾಡಿ ದೊಡ್ಡ ಅಕ್ಷರಗಳಲ್ಲಿ ಬರೆದಳು: ಮೈ ಗ್ರ್ಯಾಂಡ್‌ಮದರ್ ಲಿಂಗರ್ಡ್ ಫಾರ್ ನೈಂಟೀನ್ ಡೇಸ್. ತಿರುಗಿ ನೋಡಿದರೆ ನಲವತ್ತು ತಲೆಗಳೂ ಬಾಗಿದ್ದವು. ಬರೆದುಕೊಳ್ಳಿರೆಂದು ಯಾರೂ ಹೇಳಿರಲಿಲ್ಲ. ಹಿರಿಯ ಮಾಸ್ತರರು, ಟೈ ಕಟ್ಟಿದ ಹೊಸ ಹುಡುಗರು, ಕಣ್ಣೊರೆಸಿಕೊಂಡು ಪ್ರಜ್ಞಾ, ಎಲ್ಲರ ಪೆನ್ನೂ ನಡೆಯುತ್ತಿತ್ತು. ನಾಳೆ ಈ ವಾಕ್ಯ ನಲವತ್ತು ಶಾಲೆಗಳ ಬೋರ್ಡಿನ ಮೇಲೆ ಏರುವುದು ಖಂಡಿತ. ನಾಗರತ್ನಾಳಿಗೆ ಗೆದ್ದೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಲಿಲ್ಲ. ಮೊದಲ ಸಾಲಿನಲ್ಲಿ ಮಲಕಾಜಪ್ಪ ಸರ್ ಜೇಬಿನಿಂದ ಪೆನ್ನು ತೆಗೆದು, ನಿಘಂಟಿನ ಅಂಚಿನಲ್ಲಿ, ಆ ಸಣ್ಣ ಸಾಲಿನ ಪಕ್ಕ ಬರೆಯುತ್ತಿದ್ದರು. ಮೈ ಗ್ರ್ಯಾಂಡ್‌ಮದರ್ ಎಂಬಲ್ಲಿಗೆ ಬಂದು ನಿಂತರು. ಇದು ತನ್ನ ಅಜ್ಜಿಯಲ್ಲವಲ್ಲ ಎಂದು ಅವರಿಗೆ ಹೊಳೆದಿರಬೇಕು. ಅದನ್ನು ಹೊಡೆದುಹಾಕಿ ತಲೆಯೆತ್ತಿದರು.

"ಅವರ ಹೆಸರೇನ್ರಿ?"

"ರಾಚವ್ವ."

"ಸ್ಪೆಲಿಂಗ ಹೇಳ್ರಿ, ತಪ್ಪಬಾರದು."

ಅವಳು ಒಂದೊಂದೇ ಅಕ್ಷರ ಹೇಳಿದಳು. ಅವರು ಒಂದೊಂದೇ ಬರೆದರು. ಆರ್, ಎ, ಸಿ, ಎಚ್, ಎ. ವಿ ಎಂಬಲ್ಲಿ ಅವರ ಕೈ ಮುಂದೆ ಓಡಿದ್ದನ್ನು ಕಂಡು ನಾಗರತ್ನಾ ಎರಡು ಹೆಜ್ಜೆ ಹತ್ತಿರ ಹೋಗಿ, ಪುಟದ ಮೇಲೆ ಬೆರಳಿಟ್ಟು ತೋರಿಸಿದಳು.

"ಎರಡು ವಿ ಬರತಾವರಿ ಸರ್," ಎಂದಳು.